ಅಮೃತಬಳ್ಳಿಗೂ ಒಂದು ಅಳತೆ ಇದೆ

ಅಮೃತಬಳ್ಳಿಯನ್ನು ಎಲೆ ನೋಡಿ ಗುರುತಿಸಿದರೆ ಅರ್ಧ ಕೆಲಸವಷ್ಟೇ ಆಯಿತು. ಹೃದಯದಾಕಾರದ ಎಲೆ ಬಿಡುವ ಬಳ್ಳಿಗಳು ನಮ್ಮ ಬೇಲಿಗಳಲ್ಲಿ ಬೇಕಾದಷ್ಟಿವೆ. ಹೆಬ್ಬೆರಳು ದಪ್ಪದ ಕಾಂಡವನ್ನು ಹರಿತವಾದ ಚೂರಿಯಿಂದ ಅಡ್ಡಲಾಗಿ ಕೊಯ್ದು, ಕೊಯ್ದ ಮುಖವನ್ನು ಬೆಳಕಿಗೆ ಹಿಡಿಯಬೇಕು. ನಡುವಿನಿಂದ ಅಂಚಿನವರೆಗೆ ಚಕ್ರದ ಕಡ್ಡಿಗಳ ಹಾಗೆ ಗೆರೆಗಳು ಹರಡಿಕೊಂಡಿರುತ್ತವೆ. ಹಳೆಯ ನಿಘಂಟುಗಳು ಇದಕ್ಕೆ ಚಕ್ರಲಕ್ಷಣಿಕಾ ಎಂಬ ಹೆಸರನ್ನೂ ಕೊಟ್ಟಿರುವುದು ಈ ಗುರುತಿಗಾಗಿಯೇ. ಹೊರಸಿಪ್ಪೆ ಕಾಗದದಷ್ಟು ತೆಳು, ಬೂದು ಮಿಶ್ರಿತ ಕಂದು ಬಣ್ಣ. ಉಗುರಿನಿಂದ ಕೆರೆದರೆ ಸುಲಿದು ಬರುತ್ತದೆ, ಅಡಿಯಲ್ಲಿ ಎಳೆಹಸಿರು ಕಾಣುತ್ತದೆ. ಒಂದು ಚೂರು ಬಾಯಿಗೆ ಹಾಕಿ ಅಗಿದರೆ ಮೊದಲು ಲೋಳೆ ಲೋಳೆ, ಆಮೇಲೆ ಕಹಿ. ಆ ಕಹಿ ಅಷ್ಟು ಬೇಗ ನಾಲಗೆ ಬಿಡುವುದಿಲ್ಲ.

ಇದನ್ನು ಮೊದಲೇ ಹೇಳಿದ್ದಕ್ಕೆ ಕಾರಣವಿದೆ. ಕಳೆದ ಕೆಲವು ವರ್ಷಗಳಲ್ಲಿ ಇಷ್ಟು ಮನೆಗಳಿಗೆ ಹೊಕ್ಕ ಇನ್ನೊಂದು ಮೂಲಿಕೆಯನ್ನು ನಾನು ಕಂಡಿಲ್ಲ. ಜ್ಯೂಸ್ ಬಾಟಲಿಯಲ್ಲಿ, ಮಾತ್ರೆಯಲ್ಲಿ, ಪುಡಿಯ ಪೊಟ್ಟಣದಲ್ಲಿ ಅಮೃತಬಳ್ಳಿ ಎಲ್ಲ ಕಡೆ ಸಿಗುತ್ತದೆ. ಹಿಂದಿಯವರ ಗಿಲೋಯ್, ಸಂಸ್ಕೃತದ ಗುಡೂಚಿ, ಸಸ್ಯಶಾಸ್ತ್ರದ ಟೈನೋಸ್ಪೋರ ಕಾರ್ಡಿಫೋಲಿಯ ಇದೇ. ಆದರೆ ಅದನ್ನು ಕುಡಿಯುವವರಲ್ಲಿ ಬಹಳ ಮಂದಿ ಕಾಂಡವನ್ನು ಕೈಯಲ್ಲಿ ಹಿಡಿದವರಲ್ಲ. ಯಾವ ಕಾಯಿಲೆಗೆ, ಎಷ್ಟು, ಯಾವುದರ ಜೊತೆ, ಎಷ್ಟು ದಿನ ಎಂಬ ಪ್ರಶ್ನೆಗಳೂ ಬಾಟಲಿಯ ಜೊತೆ ಬರುವುದಿಲ್ಲ. ಆಯುರ್ವೇದದಲ್ಲಿ ಈ ಬಳ್ಳಿಗಿರುವ ಗೌರವ ನಿಂತಿರುವುದು ಈ ನಾಲ್ಕು ಪ್ರಶ್ನೆಗಳ ಮೇಲೆಯೇ.

ಬಳ್ಳಿಯ ಸ್ವಭಾವವನ್ನು ಸ್ವಲ್ಪ ನೋಡೋಣ. ಹತ್ತಿರ ಯಾವ ಮರ ಸಿಕ್ಕರೂ ಹತ್ತುತ್ತದೆ. ಬಲಿತ ಮೇಲೆ ಕಾಂಡ ಕಟ್ಟಿಗೆಯಷ್ಟು ಗಟ್ಟಿಯಾಗದಿದ್ದರೂ ಹಗ್ಗದಷ್ಟು ದಪ್ಪವಾಗಿ ತಿರುಚಿಕೊಳ್ಳುತ್ತದೆ. ಮೇಲಿನ ಕೊಂಬೆಗಳಿಂದ ದಾರದಷ್ಟು ಸಣ್ಣ ಬಿಳಲುಗಳು ಇಳಿಬೀಳುತ್ತವೆ. ಬುಡವನ್ನೇ ಯಾರಾದರೂ ಕತ್ತರಿಸಿ ಹಾಕಿದರೂ ಮೇಲುಳಿದ ಭಾಗ ಬಾಡಿ ಸಾಯುವುದಿಲ್ಲ. ಬಿಳಲನ್ನು ಕೆಳಗಿಳಿಸಿ, ನೆಲ ಮುಟ್ಟಿಸಿ, ಮತ್ತೆ ಬೇರು ಬಿಡುತ್ತದೆ. ಬೇಸಿಗೆಯಲ್ಲಿ ಎಲೆ ಉದುರಿಸಿ ಬರೀ ಕಾಂಡವಾಗಿ ನಿಲ್ಲುತ್ತದೆ. ಹಸಿರು ಮಿಶ್ರಿತ ಹಳದಿಯ ಸಣ್ಣ ಹೂಗಳು ಕಣ್ಣಿಗೆ ಬೀಳುವುದೇ ಅಪರೂಪ. ಗಂಡು ಹೂ ಒಂದು ಬಳ್ಳಿಯಲ್ಲಿ, ಹೆಣ್ಣು ಹೂ ಇನ್ನೊಂದು ಬಳ್ಳಿಯಲ್ಲಿ. ಹೆಣ್ಣು ಬಳ್ಳಿಯಲ್ಲಿ ಬಟಾಣಿ ಗಾತ್ರದ ಕೆಂಪು ಹಣ್ಣಿನ ಗೊಂಚಲು ಬಿಟ್ಟಾಗ ಮಾತ್ರ ದಾರಿಹೋಕರ ಗಮನ ಅತ್ತ ಹರಿಯುತ್ತದೆ. ಔಷಧಕ್ಕೆ ಮುಖ್ಯವಾಗಿ ಬೇಕಾದದ್ದು ಕಾಂಡ.

ಹದಿನಾರನೆಯ ಶತಮಾನದ ಭಾವಮಿಶ್ರ ತನ್ನ ಭಾವಪ್ರಕಾಶದಲ್ಲಿ ಈ ಬಳ್ಳಿಯ ಹುಟ್ಟಿನ ಕಥೆಯನ್ನು ಹೇಳುತ್ತಾನೆ. ರಾವಣವಧೆಯಾದ ಮೇಲೆ, ಯುದ್ಧದಲ್ಲಿ ಸತ್ತ ಕಪಿಗಳನ್ನು ಬದುಕಿಸಲು ಇಂದ್ರ ಅಮೃತದ ಮಳೆ ಸುರಿಸುತ್ತಾನೆ. ಎದ್ದು ನಿಂತ ಕಪಿಗಳ ಮೈಯಿಂದ ಅಮೃತದ ಹನಿಗಳು ಎಲ್ಲೆಲ್ಲಿ ನೆಲಕ್ಕೆ ಬಿದ್ದವೋ ಅಲ್ಲೆಲ್ಲ ಗುಡೂಚಿ ಹುಟ್ಟಿತಂತೆ. ಕಥೆ ಚೆಂದವಿದೆ. ಆದರೆ ಅದೇ ಭಾವಮಿಶ್ರ ಕಥೆಗೆ ನಿಲ್ಲದೆ ಗುಣಗಳಿಗೆ ಬರುತ್ತಾನೆ. ಕಹಿ ಮತ್ತು ಒಗರು ರುಚಿ, ಜೀರ್ಣವಾದ ಮೇಲೆ ಸಿಹಿಯ ಪರಿಣಾಮ, ಉಷ್ಣವೀರ್ಯ, ಮೂರೂ ದೋಷಗಳನ್ನು ಶಮನ ಮಾಡುವ ಶಕ್ತಿ. ಇಲ್ಲೊಂದು ವಿಶೇಷವನ್ನು ಗಮನಿಸಬೇಕು. ಕಹಿ ದ್ರವ್ಯಗಳು ಸಾಮಾನ್ಯವಾಗಿ ತಂಪು, ಮೈಯನ್ನು ಒಣಗಿಸುವಂಥವು, ವಾತವನ್ನು ಕೆರಳಿಸುವಂಥವು. ಅಮೃತಬಳ್ಳಿ ಕಹಿಯಾಗಿದ್ದೂ ಉಷ್ಣ, ಕಹಿಯಾಗಿದ್ದೂ ಸ್ನಿಗ್ಧ. ಜ್ವರ ಇಳಿಸುವ ಕಹಿಯೂ ನಿತ್ರಾಣವಾದ ಮೈಗೆ ಆಧಾರ ಕೊಡುವ ಗುಣವೂ ಒಂದೇ ಕಾಂಡದಲ್ಲಿ ಸಿಗುತ್ತವೆಯೆಂದೇ ವೈದ್ಯರು ಇದಕ್ಕೆ ಅಷ್ಟು ಬೆಲೆ ಕೊಟ್ಟದ್ದು.

ಚರಕಸಂಹಿತೆ ಇದನ್ನು ವಯಸ್ಸನ್ನು ಕಾಯುವ ದ್ರವ್ಯಗಳ ಗುಂಪಿನಲ್ಲಿ ಸೇರಿಸುತ್ತದೆ. ಬುದ್ಧಿಗೆ ಬಲ ಕೊಡುವ ನಾಲ್ಕು ರಸಾಯನಗಳಲ್ಲೂ ಗುಡೂಚಿಯ ರಸಕ್ಕೆ ಜಾಗವಿದೆ, ಉಳಿದ ಮೂರು ಮಂಡೂಕಪರ್ಣಿ, ಜ್ಯೇಷ್ಠಮಧು, ಶಂಖಪುಷ್ಪಿ. ಸುಶ್ರುತ ಇದರ ಹೆಸರಿನಿಂದಲೇ ಗುಡೂಚ್ಯಾದಿ ಗಣ ಎಂಬ ಔಷಧಗಳ ಒಂದು ಗುಂಪನ್ನು ಮಾಡಿದ್ದಾನೆ. ಜಾಹೀರಾತುಗಳು ಎತ್ತಿಕೊಂಡಿರುವುದು ರಸಾಯನ ಎಂಬ ಮಾತೊಂದನ್ನೇ. ರಸಾಯನ ತೆಗೆದುಕೊಳ್ಳುವ ಮುನ್ನ ದೇಹಶುದ್ಧಿ ಆಗಬೇಕು ಎಂದು ಅವೇ ಗ್ರಂಥಗಳು ಒತ್ತಿ ಹೇಳುತ್ತವೆ. ಶುದ್ಧಿಯಾಗದ ಮೈಗೆ ರಸಾಯನ ಕೊಡುವುದು ಕೊಳೆ ಬಟ್ಟೆಗೆ ಬಣ್ಣ ಹಾಕಿದಂತೆ ಎಂದು ವಾಗ್ಭಟ ಹೇಳಿದ್ದಾನೆ. ಹೊಟ್ಟೆ ಕೆಟ್ಟಿದ್ದರೂ, ಹಸಿವಿಲ್ಲದಿದ್ದರೂ, ನಿದ್ದೆ ಊಟಕ್ಕೆ ಹೊತ್ತುಗೊತ್ತಿಲ್ಲದಿದ್ದರೂ ಬೆಳಿಗ್ಗೆ ಎರಡು ಮುಚ್ಚಳ ಜ್ಯೂಸ್ ಕುಡಿದರೆ ರಸಾಯನವಾಯಿತು ಎಂಬ ನಂಬಿಕೆಗೆ ಶಾಸ್ತ್ರದ ಬೆಂಬಲವಿಲ್ಲ.

ಅಮೃತಬಳ್ಳಿಯ ಮೊದಲ ಮತ್ತು ಮುಖ್ಯ ಕೆಲಸ ಜ್ವರದಲ್ಲಿ. ಅಲ್ಲೂ ಎಲ್ಲ ಜ್ವರಕ್ಕೂ ಎಲ್ಲ ದಿನವೂ ಅಲ್ಲ. ಜ್ವರ ಬಂದ ಮೊದಲ ದಿನಗಳಲ್ಲಿ ಆಯುರ್ವೇದ ಹೇಳುವುದು ಲಂಘನ, ಬಿಸಿನೀರು, ತೆಳು ಗಂಜಿ. ಜೀರ್ಣವಾಗದೆ ಉಳಿದ ಆಮ ಕರಗಲಿ, ಹಸಿವು ತಲೆಯೆತ್ತಲಿ, ಆಮೇಲೆ ಕಷಾಯ ಎಂಬುದು ಚರಕನ ಕ್ರಮ. ನಮ್ಮ ಮನೆಗಳಲ್ಲಿ ಜ್ವರ ಬಂದವರಿಗೆ ಮೊದಲು ಗಂಜಿ ಕೊಟ್ಟು ಮಲಗಿಸುತ್ತಿದ್ದ ರೂಢಿಯ ಹಿಂದೆ ಇದೇ ತಿಳಿವಳಿಕೆ ಇದೆ. ಕೇರಳದ ವೈದ್ಯರು ಜ್ವರಕ್ಕೆ ಹೆಚ್ಚಾಗಿ ಬಳಸುವ ಅಮೃತೋತ್ತರ ಕಷಾಯದಲ್ಲಿ ಇರುವುದು ಮೂರೇ ವಸ್ತು: ಶುಂಠಿ 2 ಪಾಲು, ಅಮೃತಬಳ್ಳಿ 6 ಪಾಲು, ಅಳಲೆಕಾಯಿ 4 ಪಾಲು. ಶುಂಠಿ ಆಮವನ್ನು ಕರಗಿಸುತ್ತದೆ, ಅಳಲೆ ಮಲವನ್ನು ಸಡಿಲಿಸುತ್ತದೆ, ಅಮೃತಬಳ್ಳಿ ಜ್ವರವನ್ನು ಹಿಡಿಯುತ್ತದೆ. ಬಳ್ಳಿಯ ಪಾಲು ಹೆಚ್ಚಾದರೂ ಅದು ಒಂಟಿಯಾಗಿ ಕೆಲಸ ಮಾಡುತ್ತಿಲ್ಲ.

ಜ್ವರ ಬಿಟ್ಟಂತೆ ಮಾಡಿ ಸಂಜೆ ಹೊತ್ತು ಮತ್ತೆ ಮೈ ಬೆಚ್ಚಗಾಗುವುದು, ಬಾಯಿ ರುಚಿ ಬಾರದಿರುವುದು, ಅಂಗೈ ಅಂಗಾಲು ಉರಿ, ಸುಸ್ತು, ಇವೆಲ್ಲ ವಾರಗಟ್ಟಲೆ ಉಳಿದರೆ ಅದನ್ನು ಜೀರ್ಣಜ್ವರ ಎನ್ನುತ್ತಾರೆ. ಅಲ್ಲಿ ವಿಧಾನ ಬದಲಾಗುತ್ತದೆ. ಶಾರ್ಙ್ಗಧರ ಸಂಹಿತೆ ಜೀರ್ಣಜ್ವರಕ್ಕೆ ಹೇಳುವುದು ಅಮೃತಬಳ್ಳಿಯ ಹಿಮವನ್ನು. ಹಸಿ ಕಾಂಡವನ್ನು ಜಜ್ಜಿ, ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಹಾಕಿ, ಬೆಳಿಗ್ಗೆ ಕೈಯಿಂದ ಕಿವುಚಿ ಸೋಸಿ ಕುಡಿಯುವುದು. ಒಲೆಯ ಬಿಸಿ ತಾಗಿಸುವುದೇ ಇಲ್ಲ. ಕುದಿಸಿದ ಕಷಾಯದ ಲೆಕ್ಕ ಬೇರೆ: ಜಜ್ಜಿದ ಒಂದು ಪಲ ದ್ರವ್ಯಕ್ಕೆ, ಅಂದರೆ ಸುಮಾರು 48 ಗ್ರಾಮಿಗೆ, ಹದಿನಾರು ಪಾಲು ನೀರು, ಅದು ಎಂಟನೆಯ ಒಂದು ಪಾಲಿಗೆ ಬತ್ತುವವರೆಗೆ ಸಣ್ಣ ಉರಿ. ಮುಕ್ಕಾಲು ಲೀಟರು ನೀರು ಬತ್ತಿ ನೂರು ಮಿಲಿಲೀಟರಿಗೆ ಬರಬೇಕು. ಗ್ಯಾಸ್ ಒಲೆಯ ದೊಡ್ಡ ಉರಿಯಲ್ಲಿ ಐದು ನಿಮಿಷ ಕುದಿಸಿ ಇಳಿಸಿದರೆ ಅದು ಕಷಾಯವಾಗುವುದಿಲ್ಲ. ಭಾರತೀಯ ಆಯುರ್ವೇದ ಫಾರ್ಮಕೋಪಿಯ ದಿನಕ್ಕೆ ಹೇಳುವ ಪ್ರಮಾಣ ಪುಡಿಯಾದರೆ 3ರಿಂದ 6 ಗ್ರಾಂ, ಕಷಾಯಕ್ಕಾದರೆ 20ರಿಂದ 30 ಗ್ರಾಂ ಕಾಂಡ.

ಜ್ವರದ ಮಾತು ಬಂದಾಗ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ನಮ್ಮ ರಾಜ್ಯದಲ್ಲಿ ಮಳೆಗಾಲದ ಜ್ವರವೆಂದರೆ ಡೆಂಗಿ ಆಗಿರಬಹುದು, ಇಲಿಜ್ವರ ಆಗಿರಬಹುದು. ಬೇಸಿಗೆ ಹತ್ತಿರವಾಗುವಾಗ ಮಲೆನಾಡಿನಲ್ಲಿ ಕಾಡಿಗೆ ಹೋಗಿ ಬಂದವರ ಜ್ವರ ಮಂಗನ ಕಾಯಿಲೆ ಆಗಿರಬಹುದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಹತ್ತಿರ ಗುರುತಾದ ಆ ಕಾಯಿಲೆ ಈಗಲೂ ಜೀವ ತೆಗೆಯುತ್ತಿದೆ. ಇವುಗಳಲ್ಲಿ ರಕ್ತಪರೀಕ್ಷೆ ತಡವಾದರೆ ಕೈ ಮೀರುತ್ತದೆ. ಕಷಾಯ ಕುಡಿಯುತ್ತ ನಾಲ್ಕು ದಿನ ನೋಡೋಣ ಎನ್ನುವ ಜ್ವರಗಳಲ್ಲ ಇವು. ಜ್ವರದ ಹೆಸರು ಮೊದಲು ಗೊತ್ತಾಗಲಿ, ಕಷಾಯ ಆಮೇಲೆ ಒಲೆಯ ಮೇಲೆ ಏರಲಿ.

ಜ್ವರ ಬಿಟ್ಟರೆ ಈ ಬಳ್ಳಿಗೆ ಹೆಸರು ತಂದಿರುವುದು ವಾತರಕ್ತ. ಕಾಲಿನ ಹೆಬ್ಬೆರಳಿನ ಬುಡದಲ್ಲೋ ಮಣಿಕಟ್ಟಿನಲ್ಲೋ ಶುರುವಾಗಿ, ಕೆಂಪಗೆ ಊದಿ, ಮೇಲಿನ ಹೊದಿಕೆ ತಾಗಿದರೂ ಸಹಿಸಲಾಗದಷ್ಟು ನೋವು ಕೊಡುವ ಕಾಯಿಲೆ. ಇಂದಿನ ವೈದ್ಯರು ಗೌಟ್ ಎನ್ನುವುದಕ್ಕೆ ಇದು ಬಹಳ ಹತ್ತಿರ. ವಾತರಕ್ತಕ್ಕೆ ಕೊಡುವ ಕೈಶೋರ ಗುಗ್ಗುಲು, ಅಮೃತಾ ಗುಗ್ಗುಲು ಎರಡಕ್ಕೂ ಅಮೃತಬಳ್ಳಿಯೇ ಜೀವಾಳ. ಬಳ್ಳಿಯ ಕಷಾಯದಲ್ಲಿ ಗುಗ್ಗುಲುವನ್ನು ಬೇಯಿಸಿ ಮಾತ್ರೆ ಕಟ್ಟುತ್ತಾರೆ.

ಗುಡೂಚಿಯ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದರ ಅನುಪಾನದ ನಿಯಮ. ಧನ್ವಂತರಿ ನಿಘಂಟು ಅದನ್ನು ಒಂದೇ ಶ್ಲೋಕದಲ್ಲಿ ಹೇಳಿ ಮುಗಿಸುತ್ತದೆ. ತುಪ್ಪದ ಜೊತೆ ಕೊಟ್ಟರೆ ವಾತಕ್ಕೆ, ಬೆಲ್ಲದ ಜೊತೆ ಕೊಟ್ಟರೆ ಮಲಬದ್ಧತೆಗೆ, ಸಕ್ಕರೆಯ ಜೊತೆ ಪಿತ್ತಕ್ಕೆ, ಜೇನಿನ ಜೊತೆ ಕಫಕ್ಕೆ. ಹರಳೆಣ್ಣೆ ಬೆರೆಸಿದರೆ ಉಲ್ಬಣಿಸಿದ ವಾತರಕ್ತಕ್ಕೆ, ಶುಂಠಿ ಬೆರೆಸಿದರೆ ಆಮವಾತಕ್ಕೆ. ಕಾಂಡ ಒಂದೇ, ಜೊತೆಗಾರ ಬದಲಾದಂತೆ ಕೆಲಸ ಬದಲಾಗುತ್ತದೆ. ಇದು ಅಡುಗೆಮನೆಯಲ್ಲೇ ಸಿಗುವ ಆರು ವಸ್ತುಗಳನ್ನಿಟ್ಟುಕೊಂಡು ಕಟ್ಟಿದ ಚಿಕಿತ್ಸೆ. ರೋಗಿಯ ಎದುರು ಕೂತು ನಾಲಗೆ ನೋಡಿ, ಹೊಟ್ಟೆ ಒತ್ತಿ, ಮಲಮೂತ್ರ ವಿಚಾರಿಸಿ ಆಮೇಲೆ ಜೇನೋ ತುಪ್ಪವೋ ಎಂದು ಹೇಳುವ ವೈದ್ಯನಿಗೆ ಮಾತ್ರ ಇದು ಸಾಧ್ಯ. ಕೀಲುನೋವಿನ ಅಜ್ಜಿಗೂ ಮೊಡವೆಯ ಹುಡುಗನಿಗೂ ಒಂದೇ ಬಾಟಲಿಯಿಂದ ಒಂದೇ ಅಳತೆ ಸುರಿದು ಕೊಟ್ಟರೆ ಈ ಶ್ಲೋಕದ ಅಷ್ಟೂ ವಿವೇಕ ವ್ಯರ್ಥವಾಗುತ್ತದೆ.

ಔಷಧ ತಯಾರಿಯಲ್ಲಿ ನೋಡಲೇಬೇಕಾದದ್ದು ಸತ್ವ ತೆಗೆಯುವ ಕೆಲಸ. ಬಲಿತ ಹಸಿ ಕಾಂಡಗಳನ್ನು ತೊಳೆದು, ಚೂರಿಯ ಅಂಚಿನಿಂದ ಹೊರಸಿಪ್ಪೆ ಹೆರೆದು, ಬೆರಳುದ್ದದ ತುಂಡು ಮಾಡಿ ಒರಳಿಗೆ ಹಾಕುತ್ತಾರೆ. ಪೂರ್ತಿ ಅರೆಯುವ ಅಗತ್ಯವಿಲ್ಲ, ನಾರು ಬಿಡಿಸಿಕೊಳ್ಳುವಷ್ಟು ಜಜ್ಜಿದರೆ ಸಾಕು. ಅಗಲ ಬಾಯಿಯ ಪಾತ್ರೆಯಲ್ಲಿ ನಾಲ್ಕು ಪಾಲು ನೀರಿಗೆ ಹಾಕಿ ರಾತ್ರಿ ಬಿಡುತ್ತಾರೆ. ಬೆಳಿಗ್ಗೆ ಕೈ ಹಾಕಿ ಕಿವುಚತೊಡಗಿದರೆ ನೀರು ಲೋಳೆಯಾಗುತ್ತ, ನೊರೆಯೇಳುತ್ತ ಬರುತ್ತದೆ. ಎಷ್ಟು ಕಿವುಚುತ್ತೇವೋ ಅಷ್ಟು ಸತ್ವ. ನಾರನ್ನು ಹಿಂಡಿ ತೆಗೆದು, ನೀರನ್ನು ತೆಳು ಬಟ್ಟೆಯಲ್ಲಿ ಸೋಸಿ ಅಲುಗಾಡಿಸದೆ ಇಡಬೇಕು. ಕೆಲವು ಗಂಟೆಗಳಲ್ಲಿ ಮೇಲೆ ಹಸಿರುಗಂದು ತಿಳಿ, ತಳದಲ್ಲಿ ಬಿಳಿಯ ಗಸಿ. ತಿಳಿಯನ್ನು ಪಾತ್ರೆ ಬಾಗಿಸಿ ನಿಧಾನವಾಗಿ ಬಸಿದು, ತಳದ ಗಸಿಯನ್ನು ತಟ್ಟೆಗೆ ಹರಡಿ ಒಣಗಿಸಿದರೆ ಗುಡೂಚಿ ಸತ್ವ ಸಿದ್ಧ. ಕಿಲೋಗಟ್ಟಲೆ ಕಾಂಡ ಜಜ್ಜಿದರೂ ಕೈಗೆ ಬರುವುದು ಕೆಲವೇ ಚಮಚ.

ಆ ಬಿಳಿ ಪುಡಿಯ ಹೆಚ್ಚಿನ ಭಾಗ ಪಿಷ್ಟ. ಗಸಿಯನ್ನು ಮತ್ತೆ ಮತ್ತೆ ತೊಳೆದರೆ ನೋಡಲು ಹಾಲಿನಷ್ಟು ಬಿಳಿಯಾಗುತ್ತದೆ, ಕಹಿ ಮಾತ್ರ ತೊಳೆದುಹೋಗುತ್ತದೆ. ಸತ್ವ ತುಸು ಮಾಸಲು ಬಣ್ಣವಿದ್ದು ನಾಲಗೆಗೆ ಕಹಿ ತಾಗಿದರೆ ಒಳ್ಳೆಯದು. ಹೊಳೆಯುವ ಅಚ್ಚ ಬಿಳುಪಿದ್ದು ಯಾವ ರುಚಿಯೂ ಇಲ್ಲದಿದ್ದರೆ ಬೇರೆ ಹಿಟ್ಟು ಬೆರೆಸಿರಬಹುದೆಂದು ಅನುಮಾನಿಸಬೇಕು. ಇಷ್ಟು ಶ್ರಮದ ವಸ್ತು ಅಗ್ಗಕ್ಕೆ ಸಿಗುತ್ತಿದ್ದರೆ ಅಲ್ಲೂ ಅನುಮಾನಕ್ಕೆ ಜಾಗವಿದೆ. ಪಿತ್ತ ಹೆಚ್ಚಿದವರಿಗೆ, ಮೈಯುರಿಗೆ, ಜ್ವರ ಬಿಟ್ಟ ಮೇಲಿನ ನಿಶ್ಶಕ್ತಿಗೆ ವೈದ್ಯರು ಸತ್ವವನ್ನು ಬಳಸುತ್ತಾರೆ. ಕಾಂಡದ ಕಷಾಯವನ್ನೇ ಬತ್ತಿಸಿ ಗಟ್ಟಿ ಮಾಡಿದ್ದು ಗುಡೂಚಿ ಘನವಟಿ, ಅದರ ಇನ್ನೊಂದು ಹೆಸರು ಸಂಶಮನಿ ವಟಿ. ದಶಮೂಲ, ಬೆಲ್ಲ ಸೇರಿಸಿ ಹುಳಿಯಿಸಿದ್ದು ಅಮೃತಾರಿಷ್ಟ. ಮೂರಕ್ಕೂ ಮೂಲ ಒಂದೇ ಬಳ್ಳಿಯಾದರೂ ಒಂದರ ಬದಲು ಇನ್ನೊಂದನ್ನು ತೆಗೆದುಕೊಳ್ಳಲಾಗದು. ನೀರಿನಲ್ಲಿ ಕುದಿಸಿದಾಗ ಬರುವ ಅಂಶ ಬೇರೆ, ತಣ್ಣೀರಿನಲ್ಲಿ ಕೆಳಗೆ ಕೂರುವ ಅಂಶ ಬೇರೆ. ರಸಾಯನಶಾಸ್ತ್ರಜ್ಞರು ಈ ಕಾಂಡದಲ್ಲಿ ಬರ್ಬೆರಿನ್, ಮ್ಯಾಗ್ನೊಫ್ಲೋರಿನ್ ಮೊದಲಾದ ಆಲ್ಕಲಾಯ್ಡ್‌ಗಳನ್ನೂ ಕಹಿಯಾದ ಡೈಟರ್ಪೀನ್‌ಗಳನ್ನೂ, ರೋಗನಿರೋಧಕ ಕಣಗಳನ್ನು ಚುರುಕುಗೊಳಿಸುವ ಪಾಲಿಸ್ಯಾಕರೈಡ್‌ಗಳನ್ನೂ ಗುರುತಿಸಿದ್ದಾರೆ. ಯಾವ ತಯಾರಿಕೆಯಲ್ಲಿ ಯಾವುದು ಎಷ್ಟು ಉಳಿಯುತ್ತದೆ ಎಂಬುದರ ಮೇಲೆ ಅದರ ಗುಣ ನಿಂತಿರುತ್ತದೆ.

ಶಾರ್ಙ್ಗಧರ ಇನ್ನೊಂದು ಮಾತು ಹೇಳಿದ್ದಾನೆ. ಹೆಚ್ಚಿನ ಮೂಲಿಕೆಗಳನ್ನು ಒಣಗಿಸಿ ಬಳಸಬಹುದು, ಹಸಿಯದಾದರೆ ಅಳತೆ ಇಮ್ಮಡಿಯಾಗಬೇಕು. ಆದರೆ ಗುಡೂಚಿ, ಆಡುಸೋಗೆ, ಬೂದುಗುಂಬಳ, ಶತಾವರಿ ಮೊದಲಾದ ಕೆಲವನ್ನು ಯಾವಾಗಲೂ ಹಸಿಯಾಗಿಯೇ ಬಳಸಬೇಕು, ಅಳತೆಯನ್ನೂ ಇಮ್ಮಡಿ ಮಾಡಬಾರದು. ಇದು ಇವತ್ತಿಗೂ ಉಪಯುಕ್ತ ಸೂಚನೆ. ನೀರಿನಂಶ ಹೆಚ್ಚಿರುವ ಈ ಕಾಂಡ ಸರಿಯಾಗಿ ಒಣಗದಿದ್ದರೆ ಬೂಷ್ಟು ಹಿಡಿಯುತ್ತದೆ. ಗ್ರಂದಿಗೆ ಅಂಗಡಿಯ ಗೋಣಿಚೀಲದಲ್ಲಿ ತಿಂಗಳುಗಟ್ಟಲೆ ಬಿದ್ದಿರುವ ತುಂಡನ್ನು ಮುರಿದು ನೋಡಿ. ಒಳಗೆ ಕಪ್ಪಗಾಗಿದ್ದರೆ, ಮುಗ್ಗಲು ವಾಸನೆ ಬಂದರೆ ಬೇಡ. ಬೇವಿನ ಮರಕ್ಕೆ ಹಬ್ಬಿದ ಬಳ್ಳಿ ಶ್ರೇಷ್ಠ ಎಂಬ ನಂಬಿಕೆಯೂ ವೈದ್ಯರಲ್ಲಿ ಗಟ್ಟಿಯಾಗಿದೆ. ಆಸರೆ ಮರದ ಗುಣ ಬಳ್ಳಿಗೆ ಬರುತ್ತದೆ ಎಂಬುದು ಅದರ ಹಿಂದಿನ ವಿಚಾರ.

ಈಗ ಕೊರೊನಾ ಕಾಲಕ್ಕೆ ಬರೋಣ. 2020ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಬಿಡುಗಡೆ ಮಾಡಿದ ಆಯುರ್ವೇದ ಚಿಕಿತ್ಸಾಕ್ರಮದಲ್ಲಿ ಗುಡೂಚಿ ಇತ್ತು. ಅದಕ್ಕೂ ಮೊದಲೇ ಜನ ಹೆದರಿ ಬೇಲಿಯ ಬಳ್ಳಿ ಕಿತ್ತು ಕುದಿಸತೊಡಗಿದ್ದರು. ಆ ಹೆದರಿಕೆಯನ್ನು ಯಾರೂ ಹಳಿಯುವಂತಿಲ್ಲ. ಆಸ್ಪತ್ರೆಯಲ್ಲಿ ಹಾಸಿಗೆ ಸಿಗದ ದಿನಗಳವು. ಆದರೆ 2020ರ ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ಮುಂಬಯಿಯ ವೈದ್ಯರು ಆರು ಜನ ರೋಗಿಗಳಲ್ಲಿ ಯಕೃತ್ತಿಗೆ ಹಾನಿಯಾದದ್ದನ್ನು ಕಂಡರು. ಆರೂ ಜನ ಅಮೃತಬಳ್ಳಿ ಸೇವಿಸುತ್ತಿದ್ದರು, ಒಬ್ಬರು ಉಳಿಯಲಿಲ್ಲ. 2021ರಲ್ಲಿ ವರದಿ ಪ್ರಕಟವಾಯಿತು. ಮರುವರ್ಷ ದೇಶದ 13 ಕೇಂದ್ರಗಳ ವೈದ್ಯರು ಸೇರಿ ಇಂಥ 43 ರೋಗಿಗಳ ವಿವರವನ್ನು ಪ್ರಕಟಿಸಿದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ. ಅಮೃತಬಳ್ಳಿ ಸುರಕ್ಷಿತ, ರೋಗಿಗಳು ಸೇವಿಸಿದ್ದು ಅದನ್ನೇ ಹೋಲುವ ಟೈನೋಸ್ಪೋರ ಕ್ರಿಸ್ಪ ಎಂಬ ಬೇರೆ ಜಾತಿ ಇರಬಹುದು ಎಂಬುದು ಅದರ ವಾದ.

ಹೋಲುವ ಜಾತಿಗಳ ಮಾತು ಸುಳ್ಳಲ್ಲ. ಕ್ರಿಸ್ಪದ ಎಲೆಯೂ ಹೃದಯದಾಕಾರದ್ದೇ, ಕಾಂಡವೂ ಕಹಿಯೇ. ಆದರೆ ಅದರ ಕಾಂಡದ ತುಂಬ ನರುಳೆಗಳಂಥ ಗುಬುಟುಗಳು ಒತ್ತೊತ್ತಾಗಿ ಎದ್ದಿರುತ್ತವೆ. ನಮ್ಮ ಅಮೃತಬಳ್ಳಿಯ ಸಿಪ್ಪೆಯ ಮೇಲೆ ಅಲ್ಲಲ್ಲಿ ಚುಕ್ಕಿಗಳಿರುತ್ತವೆ ಅಷ್ಟೇ. ನಮ್ಮ ಕಾಡುಗಳಲ್ಲಿ ಸಿಗುವ ಟೈನೋಸ್ಪೋರ ಸೈನೆನ್ಸಿಸ್ ಎಂಬ ಮೂರನೆಯದರ ಎಲೆಯ ಕೆಳಭಾಗ ರೋಮಮಯ. ಬೆರಳಿನಿಂದ ಸವರಿದರೆ ಗೊತ್ತಾಗುತ್ತದೆ. ಅಮೃತಬಳ್ಳಿಯ ಎಲೆ ನುಣುಪು. ಹಾಗಿದ್ದರೂ ಆದ ಹಾನಿಯನ್ನೆಲ್ಲ ಬೇರೆ ಗಿಡದ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು ಸರಿಯೆಂದು ನನಗನಿಸುವುದಿಲ್ಲ.

ಯಾಕೆಂದರೆ ಈ ಬಳ್ಳಿಯ ಬಗೆಗಿನ ಒಳ್ಳೆಯ ಸಂಶೋಧನೆಯೇ ಆ ಹಾನಿಗೂ ಒಂದು ವಿವರಣೆ ಕೊಡುತ್ತದೆ. ಅದೇ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ಡಾ. ಶರದಿನಿ ಡಹಾಣುಕರ್ ಮತ್ತು ಅವರ ಸಹೋದ್ಯೋಗಿಗಳು ಅಮೃತಬಳ್ಳಿಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದರು. ಪಿತ್ತನಾಳ ಕಟ್ಟಿಕೊಂಡು ಕಾಮಾಲೆಯಾದ, ಶಸ್ತ್ರಚಿಕಿತ್ಸೆಗೆ ಕಾದಿದ್ದ 30 ರೋಗಿಗಳ ಮೇಲೆ ಅವರು ನಡೆಸಿದ ಅಧ್ಯಯನ 1993ರಲ್ಲಿ ಪ್ರಕಟವಾಯಿತು. ಇಂಥ ರೋಗಿಗಳ ರೋಗನಿರೋಧಕ ಶಕ್ತಿ ಕುಗ್ಗಿರುತ್ತದೆ, ಸೋಂಕು ರಕ್ತಕ್ಕೆ ಹಬ್ಬಿ ಸಾಯುವುದು ಹೆಚ್ಚು. ಮಾಮೂಲಿ ಚಿಕಿತ್ಸೆ ಮಾತ್ರ ಪಡೆದವರಲ್ಲಿ ಶಸ್ತ್ರಚಿಕಿತ್ಸೆಯ ನಂತರ ಬದುಕುಳಿದವರು ನೂರಕ್ಕೆ 40. ಜೊತೆಗೆ ಅಮೃತಬಳ್ಳಿಯನ್ನೂ ಪಡೆದವರಲ್ಲಿ ನೂರಕ್ಕೆ 92. ಅಧ್ಯಯನ ಚಿಕ್ಕದು, ಆದರೆ ಫಲಿತಾಂಶ ಗಟ್ಟಿಯಾಗಿತ್ತು. ನೆಗಡಿ, ಸೀನು, ಮೂಗು ಕಟ್ಟುವ ಅಲರ್ಜಿಯಿರುವ 75 ಜನರ ಮೇಲೆ ಎಂಟು ವಾರ ನಡೆಸಿ 2005ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲೂ ಇದರಿಂದ ಗುಣ ಕಂಡಿತ್ತು.

ಕುಗ್ಗಿದ ರಕ್ಷಣಾಶಕ್ತಿಯನ್ನು ಎಬ್ಬಿಸುವುದು ಈ ಬಳ್ಳಿಯ ಗುಣವಾದರೆ, ಆ ಶಕ್ತಿ ಕುಗ್ಗದೆ ದಾರಿ ತಪ್ಪಿರುವವರ ಗತಿಯೇನು? ಆಟೋಇಮ್ಯೂನ್ ಕಾಯಿಲೆಯವರಲ್ಲಿ ರಕ್ಷಣಾ ಕಣಗಳು ತಮ್ಮದೇ ಅಂಗಗಳ ಮೇಲೆ ತಿರುಗಿಬಿದ್ದಿರುತ್ತವೆ. ಅಂಥವರಲ್ಲಿ ಅವನ್ನು ಮತ್ತಷ್ಟು ಕೆರಳಿಸಿದರೆ ಯಕೃತ್ತಿಗೆ ಪೆಟ್ಟು ಬೀಳುವುದು ಅಸಂಭವವಲ್ಲ. ಮುಂಬಯಿಯ ಆ ರೋಗಿಗಳ ಯಕೃತ್ತಿನ ಹಾನಿಯೂ ಆಟೋಇಮ್ಯೂನ್ ಮಾದರಿಯದೇ ಆಗಿತ್ತು. ಥೈರಾಯ್ಡ್‌ನ ಆಟೋಇಮ್ಯೂನ್ ತೊಂದರೆ, ಲೂಪಸ್, ಸಂಧಿವಾತ ಇರುವವರು, ಅಂಗ ಕಸಿ ಮಾಡಿಸಿಕೊಂಡು ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ನುಂಗುತ್ತಿರುವವರು, ಮೊದಲೇ ಯಕೃತ್ತಿನ ಕಾಯಿಲೆಯಿರುವವರು ತಮ್ಮ ವೈದ್ಯರನ್ನು ಕೇಳದೆ ಅಮೃತಬಳ್ಳಿ ಮುಟ್ಟಬಾರದು. ಗರ್ಭಿಣಿಯರೂ ಹಾಲೂಡಿಸುವ ತಾಯಂದಿರೂ ಕೇಳದೆ ತೆಗೆದುಕೊಳ್ಳಬಾರದು. ಕಣ್ಣು ಹಳದಿಯಾದರೆ, ಮೂತ್ರದ ಬಣ್ಣ ಕಡುವಾದರೆ, ಊಟ ಸೇರದೆ ವಾಕರಿಕೆ ಬಂದರೆ ಅಂದೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು.

ನಮ್ಮ ಬೀದಿಯಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಾರೆ, ಬೆಳಿಗ್ಗೆ ಖಾಲಿ ಹೊಟ್ಟೆಗೆ ಅಮೃತಬಳ್ಳಿ ಜ್ಯೂಸನ್ನೂ ಕುಡಿಯುತ್ತಾರೆ. ಆಗಾಗ ತಲೆ ಸುತ್ತಿ ಬೆವರುತ್ತದೆ ಎಂದರು.

“ಮೇಷ್ಟ್ರೇ, ಜ್ಯೂಸ್ ಕುಡೀತಿರೋದು ಡಾಕ್ಟರಿಗೆ ಹೇಳಿದ್ದೀರಾ?” ಎಂದು ಕೇಳಿದೆ.

“ಅದನ್ನೇನು ಹೇಳೋದಪ್ಪ, ಅದೇನು ಔಷಧಿಯಾ? ಬಳ್ಳಿ ರಸ ತಾನೇ” ಎಂದರು.

ಅಮೃತಬಳ್ಳಿ ರಕ್ತದ ಸಕ್ಕರೆಯನ್ನು ತಗ್ಗಿಸುತ್ತದೆ. ಪ್ರಮೇಹಕ್ಕೆ ಆಯುರ್ವೇದ ಇದನ್ನು ಬಳಸುವುದೂ ಅದಕ್ಕೇ. ಮಾತ್ರೆಯೂ ತಗ್ಗಿಸುತ್ತದೆ, ರಸವೂ ತಗ್ಗಿಸುತ್ತದೆ, ಎರಡೂ ಕೂಡಿದರೆ ಸಕ್ಕರೆ ಅಗತ್ಯಕ್ಕಿಂತ ಕೆಳಗಿಳಿಯಬಹುದು. ಬಳ್ಳಿಯ ರಸ ಔಷಧವಲ್ಲ ಎಂದುಕೊಳ್ಳುವುದು ಅದಕ್ಕೆ ಮಾಡುವ ಅವಮಾನ ಎಂದೇ ನಾನು ತಿಳಿದಿದ್ದೇನೆ. ಎರಡು ಸಾವಿರ ವರ್ಷ ವೈದ್ಯರು ಅಳೆದು ತೂಗಿ ಕೊಟ್ಟ ವಸ್ತುವನ್ನು ಔಷಧವೆಂದೇ ಕಾಣಬೇಕು. ಮೇಷ್ಟ್ರು ಮರುದಿನ ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡು ಡಾಕ್ಟರ ಹತ್ತಿರ ಹೋದರು. ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡಿಕೊಂಡವರೂ ಹೀಗೆಯೇ ತಾವು ಕುಡಿಯುತ್ತಿರುವ ರಸ, ಕಷಾಯ, ಚೂರ್ಣಗಳ ಹೆಸರನ್ನು ಅರಿವಳಿಕೆ ಕೊಡುವ ವೈದ್ಯರಿಗೆ ಮುಂಚಿತವಾಗಿ ತಿಳಿಸಬೇಕು.

ಹಾಗಾದರೆ ಆರೋಗ್ಯವಂತರು ಇದರ ಸಹವಾಸವೇ ಬೇಡವೇ? ಹಾಗೇನಿಲ್ಲ. ಮಲೆನಾಡು, ಕರಾವಳಿಯ ಮನೆಗಳಲ್ಲಿ ಇದರ ಎಲೆಯ ತಂಬುಳಿ ಮಾಡುತ್ತಾರೆ. ನಾಲ್ಕಾರು ಎಲೆಗಳನ್ನು ಜೀರಿಗೆ, ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ತೆಂಗಿನ ತುರಿ ಹಾಕಿ ನುಣ್ಣಗೆ ರುಬ್ಬಿ, ಮಜ್ಜಿಗೆಗೆ ಕಲಸಿ, ಉಪ್ಪು ಹಾಕಿ ಒಗ್ಗರಣೆ ಕೊಟ್ಟರೆ ಮುಗಿಯಿತು. ಅನ್ನಕ್ಕೆ ಕಲಸಿಕೊಂಡು ಉಣ್ಣುವುದು. ಅಲ್ಲಿ ಅಳತೆ ತಾನಾಗಿಯೇ ಇದೆ. ಕಹಿ ಎಲೆಯನ್ನು ಹೆಚ್ಚು ಹಾಕಿದರೆ ಯಾರೂ ಉಣ್ಣುವುದಿಲ್ಲ, ದಿನಾ ಅದನ್ನೇ ಬಡಿಸಿದರೂ ಉಣ್ಣುವುದಿಲ್ಲ. ಇಂದು ಒಂದೆಲಗ, ಇನ್ನೊಂದು ದಿನ ದೊಡ್ಡಪತ್ರೆ, ಮತ್ತೊಂದು ದಿನ ಅಮೃತಬಳ್ಳಿ ಎಂದು ಸರದಿ ಸುತ್ತುತ್ತದೆ. ಮೂಲಿಕೆಯನ್ನು ಆಹಾರವಾಗಿ ಬಳಸುವ ಈ ಕ್ರಮ ನನಗೆ ಬಾಟಲಿಗಿಂತ ಹೆಚ್ಚು ವಿವೇಕದ್ದಾಗಿ ಕಾಣುತ್ತದೆ.

ಮನೆಯಲ್ಲಿ ಬೆಳೆಸುವುದಕ್ಕೂ ಹೆಚ್ಚು ಶ್ರಮವಿಲ್ಲ. ಗುರುತು ಖಚಿತವಿರುವ ಬಳ್ಳಿಯಿಂದ, ಎರಡು ಗೆಣ್ಣುಗಳಿರುವ ಗೇಣುದ್ದದ ಕಾಂಡವನ್ನು ತೆಗೆದುಕೊಳ್ಳಿ. ಮುಂಗಾರು ಶುರುವಾದ ಮೇಲೆ ಒಂದು ಗೆಣ್ಣು ಮಣ್ಣೊಳಗೆ, ಇನ್ನೊಂದು ಮೇಲೆ ಬರುವಂತೆ ಊರಿ. ನೀರು ನಿಲ್ಲುವ ಜಾಗ ಬೇಡ. ಬೇವಿನ ಮರವಿದ್ದರೆ ಅದರ ಬುಡದಲ್ಲಿ, ಇಲ್ಲದಿದ್ದರೆ ನುಗ್ಗೆಯೋ ಬೇಲಿಯೋ ಆಸರೆಯಾಗಲಿ. ಪಟ್ಟಣದ ತಾರಸಿಯಲ್ಲಾದರೆ ಅಗಲದ ಕುಂಡಕ್ಕೆ ಊರಿ ಸರಳಿಗೆ ಹಬ್ಬಿಸಬಹುದು. ಮೊದಲ ವರ್ಷ ಎಲೆ ಮಾತ್ರ ಸಿಗುತ್ತದೆ, ಎಳೆ ಕಾಂಡದಲ್ಲಿ ಔಷಧಕ್ಕೆ ಬೇಕಾದ ತಿರುಳಿರುವುದಿಲ್ಲ. ಕಾಂಡ ಹೆಬ್ಬೆರಳು ದಪ್ಪವಾದ ಮೇಲೆ, ಬೇಸಿಗೆಯಲ್ಲಿ ಎಲೆಯುದುರಿದಾಗ, ಬುಡದಿಂದ ಎರಡು ಅಡಿ ಬಿಟ್ಟು ಬೇಕಾದಷ್ಟನ್ನು ಕೊಯ್ದುಕೊಳ್ಳಿ. ಉಳಿದದ್ದು ಮಳೆ ಬಿದ್ದ ಕೂಡಲೇ ಮತ್ತೆ ಚಿಗುರುತ್ತದೆ. ಕೊಯ್ದ ಕಾಂಡವನ್ನು ಅದೇ ದಿನ ಅಥವಾ ಮರುದಿನ ಬಳಸಿ. ಯಾವುದಕ್ಕೆ, ಯಾವುದರ ಜೊತೆ, ಎಷ್ಟು ದಿನ ಎಂಬುದನ್ನು ಹತ್ತಿರದ ಆಯುರ್ವೇದ ವೈದ್ಯರನ್ನು ಕೇಳಿ ತಿಳಿದುಕೊಳ್ಳಿ. ಹೋಗುವಾಗ ಕಾಂಡದ ಒಂದು ತುಂಡನ್ನೂ ಒಂದೆರಡು ಎಲೆಗಳನ್ನೂ ಜೊತೆಗೆ ಒಯ್ದರೆ, ಬಳ್ಳಿ ಯಾವುದೆಂಬುದನ್ನು ಅವರೇ ಕೊಯ್ದು ನೋಡಿ ಹೇಳುತ್ತಾರೆ.